ಆಚೆ ಸ್ಟೇಷನ್ನಿನ ಗಂಟೆ

ಗಂಟೆ ಮೂರು ಸಲ ಬಡಿಯಿತು. ಉಸಿರೆಳೆಯುವಷ್ಟು ಹೊತ್ತು ಬಿಟ್ಟು, ಮೆಲ್ಲಗೆ ಇನ್ನೊಂದು ಸಲ. ನಿವೃತ್ತ ಸ್ಟೇಷನ್ ಮಾಸ್ತರರ ಕೈ ತಾನಾಗಿಯೇ ಮುಂದಿದ್ದ ಹಳೆಯ ರೈಲ್ವೆ ಯಂತ್ರದ ಬಾಯಿಗೆ ಹೋಯಿತು. ಕಬ್ಬಿಣದ ಗುಂಡು ಉರುಳಿ ಬಂದು ಅಂಗೈಗೆ ಬಿತ್ತು.

ಸ್ಟೇಷನ್ನು ಮ್ಯೂಸಿಯಂ ಆದಮೇಲೆ ಅಕ್ಕಪಕ್ಕದ ಎರಡು ಊರುಗಳ ಯಂತ್ರಗಳನ್ನು ಒಂದೇ ಮೇಜಿನ ಮೇಲೆ ಎದುರುಬದುರು ಇಟ್ಟಿದ್ದರು; ಬಂದವರಿಗೆ ಅವನ್ನು ತೋರಿಸುವ ಕೆಲಸ ಮಾಸ್ತರರದು. ರೈಲು ಓಡುತ್ತಿದ್ದ ಕಾಲದಲ್ಲಿ ಆಚೆ ಊರಿನವರು ಗಂಟೆ ಬಾರಿಸಿ ಒಪ್ಪಿಗೆ ಕೊಟ್ಟರಷ್ಟೇ ಇಲ್ಲಿ ಗುಂಡು ಬೀಳುವುದು, ಆ ಗುಂಡು ಚಾಲಕನ ಕೈ ಸೇರಿದರಷ್ಟೇ ಒಂಟಿ ಹಳಿಯ ಮೇಲೆ ರೈಲು ಹೊರಡುವುದು. ಹಾಗೆ ಒಪ್ಪಿಗೆ ಕೊಡುತ್ತಿದ್ದವರ ಮುಖವನ್ನು ಮಾಸ್ತರರು ಒಮ್ಮೆಯೂ ಕಂಡಿರಲಿಲ್ಲ. ಇಬ್ಬರದೂ ಒಂದೇ ಪಾಳಿ. ಒಬ್ಬರು ಕುರ್ಚಿ ಬಿಟ್ಟೆದ್ದರೂ ರೈಲುಗಳೆಲ್ಲ ನಿಂತಲ್ಲೇ ನಿಲ್ಲಬೇಕು.

ಅವರು ತಲೆಯೆತ್ತಿದರು. ಆಚೆ ಯಂತ್ರದ ಮುಂದೆ, ನೋಡಲು ಬಂದವರ ಗುಂಪಿನ ಹಿರಿಯಾಕೆಯೊಬ್ಬರು ಗಂಟೆಯ ಗುಂಡಿಯಿಂದ ಬೆರಳು ತೆಗೆಯದೆ ನಿಂತಿದ್ದರು.

"ಮೂರೇ ಸಾಕಿತ್ತಮ್ಮ," ಎಂದರು ಮಾಸ್ತರರು, ದನಿ ತಗ್ಗಿಸಿ. "ನಾಲ್ಕನೇದು ಯಾವ ನಿಯಮದಲ್ಲೂ ಇಲ್ಲ. ಅದನ್ನ ಬಾರಿಸ್ತಿದ್ದದ್ದು ಆಚೆ ಸ್ಟೇಷನ್ನಿನವರು ಒಬ್ಬರೇ. ನಿಮಗೆ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ನಮ್ಮ ಯಜಮಾನ್ರು ಆ ಸ್ಟೇಷನ್ನಲ್ಲೇ ಇದ್ದದ್ದು. ಡ್ಯೂಟಿ ಮುಗಿಸಿ ಬಂದು ಮನೆ ಬಾಗಿಲನ್ನ ಹೀಗೇ ತಟ್ಟೋರು. ಯಂತ್ರ ಮುಟ್ಟಿದ್ದೇ ತಡ, ಕೈ ಹಾಗೇ ಹೋಯ್ತು." ಆಕೆ ಸ್ವಲ್ಪ ನಾಚಿದರು. "ಆ ನಾಲ್ಕನೇದು ಕೇಳಿದ ಮೇಲೇ ನಾನು ಚಿಲಕ ತೆಗೀತಿದ್ದದ್ದು."

ಮಾಸ್ತರರು ಎರಡೂ ಕೈಯಲ್ಲಿ ಗುಂಡನ್ನು ಎತ್ತಿ ಆಕೆಯ ಅಂಗೈಯಲ್ಲಿಟ್ಟರು.

"ನಾನೂ ಅಷ್ಟೇ ಅಮ್ಮ," ಎಂದರು. "ಅದು ಕೇಳಿದ ಮೇಲೇ ರೈಲು ಬಿಡ್ತಿದ್ದದ್ದು."