ಬಾಟಲಿ ತಣ್ಣಗಿತ್ತು

ಶೌಚಾಲಯದಿಂದ ಹೊರಬಂದ ಗಂಗೋತ್ರಿ ಮೂತ್ರದ ಬಾಟಲಿಯನ್ನು ಅತ್ತೆಯ ಕೈಗಿಟ್ಟಳು. ಗಾದ್ರಮ್ಮ ಅದನ್ನು ಹಿಡಿದವಳೇ ಸೊಸೆಯ ಮುಖ ನೋಡಿದಳು. ಬಾಟಲಿ ತಣ್ಣಗಿತ್ತು.

ಜಗಳೂರಿನ ಆ ಲ್ಯಾಬಿನ ಮುಂದೆ ಬರೀ ಗಂಡಸರೇ ಕೂತಿದ್ದರು. ಅವರೆದುರು ಬಾಟಲಿ ಹಿಡಿದು ಹೋಗುವಷ್ಟರಲ್ಲೇ ಮೂರು ತಿಂಗಳ ಬಸುರಿ ನಾಚಿಕೆಯಿಂದ ಹಿಡಿಯಷ್ಟಾಗಿದ್ದಳು. ಒಳಗೆ ಒಂದು ಹನಿಯೂ ಬಂದಿರಲಿಲ್ಲ. ನಲ್ಲಿ ತಿರುಗಿಸಿ ತುಂಬಿಸಿದ್ದಳು. ಗಾದ್ರಮ್ಮ ಬೈದರೆ ಓಣಿಗೆಲ್ಲ ಕೇಳಬೇಕು. ಅದಕ್ಕೇ ತಲೆ ತಗ್ಗಿಸಿ ನಿಂತಳು.

ಗಾದ್ರಮ್ಮ ಅವಳ ಕಿವಿಯ ಹತ್ತಿರ ಬಾಗಿದಳು. "ನಲ್ಲಿ ನೀರು ತೋರ್ಸಾಕೆ ಇಷ್ಟು ದೂರ ಬರ್ಬೇಕಿತ್ತೇನವ್ವಾ? ಬಾ, ನಾನು ಬಾಗಿಲಿಗೆ ನಿಂತ್ಕೊತೀನಿ. ಎಷ್ಟೊತ್ತಾದ್ರೂ ಆಗ್ಲಿ."

ಎಳನೀರು ಕುಡಿಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಕಳಿಸಿದಳು. ಹೊರಗೆ ಅತ್ತೆ ಯಾರನ್ನೋ ಆ ಕಡೆ ಸಾಗಹಾಕುವುದು ಒಳಗಿದ್ದ ಗಂಗೋತ್ರಿಗೆ ಕೇಳಿಸಿತು.

ಮೂತ್ರದಲ್ಲಿ ಪ್ರೋಟೀನ್ ಇತ್ತು. ಡಾಕ್ಟರಮ್ಮ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರು, ಆಗಲೂ ಇತ್ತು. ಇಷ್ಟು ಬೇಗ ಹೀಗೆ ಕಂಡರೆ ಮೂತ್ರಪಿಂಡ ನೋಡಿಸಬೇಕು, ಮುಂದೆ ಬಿಪಿ ಏರಿ ಫಿಟ್ಸ್ ಬರಬಹುದು, ಮಗುವಿನ ಬೆಳವಣಿಗೆ ಕುಂಠಿತವಾಗಬಹುದು ಎಂದರು. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಕಣ್ಣಿಟ್ಟಿರಬೇಕು ಎಂದು ಧೈರ್ಯವನ್ನೂ ಹೇಳಿದರು. ಅಂದಿನಿಂದ ಮಾತ್ರೆ ನುಂಗಿಸುವುದು, ಬಸ್ಸು ಹತ್ತಿಸಿ ದಾವಣಗೆರೆಯ ದೊಡ್ಡಾಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯುವುದು ಗಾದ್ರಮ್ಮನ ಕೆಲಸವಾಯಿತು.

ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಗಂಗೋತ್ರಿಗೆ ತಲೆ ಸಿಡಿಯತೊಡಗಿತು, ಕಣ್ಣು ಮಂಜಾಯಿತು. ಬಿಸಿಲಿಗೆ ಇರಬೇಕೆಂದು ಅವಳು ಮಲಗಲು ಹೋದರೆ ಗಾದ್ರಮ್ಮ ಬಿಡಲಿಲ್ಲ. ಮಗ ಕೆಂಚೇಶನಿಂದ ಕಾರು ತರಿಸಿ ದಾವಣಗೆರೆಗೆ ಹೊರಡಿಸಿದಳು. ಬಿಪಿ ವಿಪರೀತ ಏರಿತ್ತು, ಅಂದೇ ಆಪರೇಷನ್ ಆಯಿತು. ಹೆಣ್ಣು ಮಗು. ತೀರಾ ಪುಟ್ಟದು, ಆದರೆ ಅಳು ಮಾತ್ರ ಜೋರಾಗಿತ್ತು.

ಮಗುವಿನ ತೂಕ ಏರಿದ ಮೇಲೆ ಒಂದು ದಿನ ಡಾಕ್ಟರು ಇನ್ನು ಮನೆಗೆ ಹೋಗಬಹುದೆಂದರು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಗಂಗೋತ್ರಿಯ ತಾಯಿ ದುರುಗಕ್ಕ ಬಟ್ಟೆಯ ಗಂಟಿನೊಂದಿಗೆ ಬಂದು ಕೂತಿದ್ದಳು.

"ನೀನೂ ನಮ್ಮನೆಗೇ ಬಾರವ್ವಾ," ಎಂದಳು ಗಂಗೋತ್ರಿ, ತಾಯಿಯ ಕೈ ಹಿಡಿದು. "ಬಾಣಂತನ ನಮ್ಮತ್ತೆ ಹತ್ರಾನೇ ಆಗ್ಲಿ. ನಾನೂ ಕೂಸೂ ಉಳಿದಿರೋದು ಅವ್ರಿಂದ."

ದುರುಗಕ್ಕ ಬೀಗಿತ್ತಿಯ ಮುಖ ನೋಡಿದಳು. ಯಾವ ಮಾತಿಗೂ ಸೋಲದ ಗಾದ್ರಮ್ಮ ಸರಕ್ಕನೆ ಎದ್ದಳು. ಬಸ್ ಸ್ಟ್ಯಾಂಡಿಗೆ ಆಟೋ ಕರೀತೀನಿ ಎಂದು ಹೊರಗೆ ಹೋದವಳು ಬಹಳ ಹೊತ್ತು ಒಳಗೆ ಬರಲೇ ಇಲ್ಲ. ಆಸ್ಪತ್ರೆಯ ಗೇಟಿನ ಮುಂದೆ ಆಟೋಗಳು ಸಾಲಾಗಿ ನಿಂತೇ ಇದ್ದವು.