ವಾಪಸ್ ತೆಗೆದುಕೊಂಡ ಮಾತು

ಮಾತು ಆಡಿದರೆ ಹೋಯಿತು ಅನ್ನುವುದು ಹಳೇ ಗಾದೆ. ಈಗ ನಮ್ಮೂರಿನ ಹಿಟ್ಟಿನ ಗಿರಣಿ ಪಕ್ಕದಲ್ಲೇ ಆಡಿದ ಮಾತನ್ನು ವಾಪಸ್ ತೆಗೆದುಕೊಡುವ ಅಂಗಡಿ ಇದೆ.

ನನಗೆ ಎಚ್‌ಐವಿ ಇದೆ ಎಂದು ಮೈದುನನ ಹೆಂಡತಿ, ನನ್ನ ನೆಗೆಣ್ಣಿ ದ್ರಾಕ್ಷಾಯಣಿಗೆ ನಂಬಿ ಹೇಳಿದ್ದೆ. ಮರುದಿನವೇ ಅವಳು ನನ್ನನ್ನು ರೊಟ್ಟಿ ಬಡಿಯುವಲ್ಲಿಂದ ಎಬ್ಬಿಸಿದಳು. ಹೇಳಿ ಕೆಟ್ಟೆ ಅಂತ ಹಲ್ಲು ಕಡಿಯುತ್ತ ಅವಳನ್ನು ಆ ಅಂಗಡಿಗೆ ಕರೆದೊಯ್ದೆ. ಪೀಡೆ ತೊಲಗಲಿ ಅನ್ನುವ ಹಾಗೆ ಅವಳೂ ಖುಷಿಯಿಂದಲೇ ಕೂತಳು. ಗಳಿಗೆಯಲ್ಲಿ ಆ ಮಾತು ಅವಳ ತಲೆಯಿಂದ ಹೋಯಿತು.

ಮನೆಗೆ ಬಂದು ಹಿಟ್ಟಿನ ಪರಾತದ ಮುಂದೆ ಕೂತೆ.

"ಅಕ್ಕಾ, ನೀ ಹಿಟ್ಟು ಮುಟ್ಟಬ್ಯಾಡ," ಅಂದಳು.

"ಯಾಕ?"

"ಯಾಕಂತ ನನಗೂ ಗೊತ್ತಿಲ್ಲ. ಮನಸ್ಸು ಒಲ್ಲೆ ಅನ್ನಾಕತ್ತೈತಿ."

ನನ್ನ ಮೈಯೆಲ್ಲ ಉರಿಯಿತು. ಕಾರಣ ಗೊತ್ತಿದ್ದಾಗ ಜಗಳವಾದರೂ ಆಡಬಹುದಿತ್ತು, ಹಿಟ್ಟು ಮುಟ್ಟಿದರೆ ಅದು ಹರಡೂದಿಲ್ಲ ಅಂತ ಬಾಯಿ ಮಾಡಬಹುದಿತ್ತು. ಈಗ ಯಾವುದಕ್ಕೆ ಉತ್ತರ ಕೊಡಲಿ?

ಎರಡೂ ಕೈ ಹಿಟ್ಟಿಗೆ ಹಾಕಿ ನಾದತೊಡಗಿದೆ.

"ದ್ರಾಕ್ಷಾಯಣಿ, ಇಲ್ಲಿ ಕೂಡು. ನಿನಗೊಂದು ಮಾತು ಹೇಳೂದೈತಿ. ಈ ಸಲ ವಾಪಸ್ ತಗೊಳ್ಳಂಗಿಲ್ಲ."