ಎಂಕಾಂತಾದಾ ದೆ ಕೊನೋಸೆರ್ಲಾ

ನನ್ನ ಗೆಳತಿ ನಿರುಪಮಾ ಸ್ಪ್ಯಾನಿಷ್ ದುಭಾಷಿ. ಅವಳ ಕಣ್ಣೆದುರೇ ನಡೆದದ್ದು ಇದು... ಎರಡು ನಿಮಿಷ ಕೊಡಿ.

ತುಮಕೂರು ಕಡೆ ಮಿಡಿಸೌತೆಕಾಯಿ ರಫ್ತು ಮಾಡುವ ಒಂದು ಫ್ಯಾಕ್ಟರಿ. ಅಲ್ಲಿ ಕಾಯಿ ಆರಿಸುವ ಹನ್ನೆರಡು ಹೆಂಗಸರಿಗೆ ಮೇಲ್ವಿಚಾರಕಿ ಪುಟ್ಟಗೌರಮ್ಮ. ಓದಿದ್ದು ಏಳನೇ ಕ್ಲಾಸು.

ಕಳೆದ ವರ್ಷ ಸ್ಪೇನಿನಿಂದ ಖರೀದಿದಾರರು ಬಂದಾಗ ಆಕೆ ಚಹಾ ಕೊಡುತ್ತಾ, ಅವರ ಜೊತೆ ದುಭಾಷಿಯಾಗಿ ಬಂದಿದ್ದ ನಿರುಪಮಾಳನ್ನು ಮೆಲ್ಲಗೆ ಕೇಳಿದ್ದರು...

"ಮೇಡಂ, ಅವ್ರ ಭಾಷೇಲಿ ಮರ್ಯಾದೆಯಾಗಿ ಹೆಸ್ರು ಹೇಳೋದು ಹೆಂಗೆ?"

ನಿರುಪಮಾ ನಕ್ಕು, ಮೂರು ವಾಕ್ಯದ ವಾಯ್ಸ್ ಮೆಸೇಜ್ ಕಳಿಸಿದ್ದಳು. ಆಮೇಲೆ ಮರೆತೇಬಿಟ್ಟಳು.

ಪುಟ್ಟಗೌರಮ್ಮ ಮರೆಯಲಿಲ್ಲ. ಕಾಯಿ ಆರಿಸುತ್ತಲೇ ದಿನಾ ಹೇಳಿಕೊಂಡರು. ಜೊತೆಯವರು ನಗುತ್ತಿದ್ದರು... "ಯಾಕಕ್ಕ ಇದೆಲ್ಲ?"

"ನಮ್ ಹೆಸ್ರು ನಾವೇ ಹೇಳ್ಬೇಕು ಕಣೆ. ಬೇರೆಯೋರು ಹೇಳಿದ್ರೆ ಬರೀ ಲೇಬರ್ ಅಂತಾರೆ."

ಈ ವರ್ಷ ಒಂದು ಲೋಡ್ ಕಾಯಿ ಕೊಳೆತು ಸ್ಪೇನ್ ತಲುಪಿತು. ಕಾರಣ ಕೇಳಲು ಪಿಲಾರ್ ಎಂಬ ಹಿರಿಯ ಖರೀದಿದಾರ ಮಹಿಳೆಯೇ ನಿರುಪಮಾಳನ್ನು ಕರೆದುಕೊಂಡು ಬಂದರು.

ಮೀಟಿಂಗಿನಲ್ಲಿ ಮ್ಯಾನೇಜರ್ ಸಲೀಸಾಗಿ ಹೇಳಿಬಿಟ್ಟ... "ಆರಿಸೋ ಹೆಂಗಸರಿಗೆ ತಿಳುವಳಿಕೆ ಇಲ್ಲ. ಹನ್ನೆರಡು ಜನರನ್ನೂ ತೆಗೀತಿದೀವಿ."

ಅದೇ ಹೊತ್ತಿಗೆ ಸ್ಯಾಂಪಲ್ ಟ್ರೇ ಹಿಡಿದು ಒಳಗೆ ಬಂದಿದ್ದರು ಪುಟ್ಟಗೌರಮ್ಮ. ಎಲ್ಲಾ ಕಿವಿಗೆ ಬಿತ್ತು.

ಟ್ರೇ ಇಟ್ಟರು. ಹೊರಗೆ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು, ಪಿಲಾರ್ ಕಡೆ ನೋಡಿ ಕೈಮುಗಿದರು.

"ಬ್ವೆನೋಸ್ ದಿಯಾಸ್, ಸೆನ್ಯೋರಾ. ಮೆ ಯಾಮೊ ಪುಟ್ಟಗೌರಮ್ಮ. ಎಂಕಾಂತಾದಾ ದೆ ಕೊನೋಸೆರ್ಲಾ."

ನಮಸ್ಕಾರ ಮೇಡಂ. ನನ್ನ ಹೆಸರು ಪುಟ್ಟಗೌರಮ್ಮ. *ನಿಮ್ಮನ್ನು* ಕಂಡು ಸಂತೋಷವಾಯಿತು...



"ಏಯ್, ನೀನು ನಡಿ ಆಚೆ!" ಎಂದ ಮ್ಯಾನೇಜರ್.

ಆಕೆ ಕದಲಲಿಲ್ಲ.

ಪಿಲಾರ್ ಎದ್ದು ನಿಂತರು. ಆಕೆಯ ಕೈ ಹಿಡಿದು, ತಮ್ಮ ಪಕ್ಕದ ಕುರ್ಚಿ ಎಳೆದು ಏನೋ ಹೇಳಿದರು. "ಕೂತ್ಕೊಳ್ಳಿ ಅಂತಿದಾರೆ," ಎಂದಳು ನಿರುಪಮಾ.

"ನಂಗೆ ಅವ್ರ ಭಾಷೆ ಬರೋದು ಇಷ್ಟೇ ಮೇಡಂ. ಮಿಕ್ಕಿದ್ದು ಕನ್ನಡದಾಗೇ ಹೇಳ್ತೀನಿ, ನೀವು ತಿಳಿಸಿ. ಕಾಯಿ ನಮ್ ಕೈಯಾಗೆ ಕೆಟ್ಟಿಲ್ಲ. ಕಾಯಿ ತುಂಬಿದ ಡ್ರಮ್ಮುಗಳು ಮೂರು ದಿನ ಅಂಗಳದ ಬಿಸಿಲಾಗೆ ನಿಂತಿದ್ವು. ಒಳಗಿಡ್ಸಿ ಅಂತ ಈ ಸರ್‌ಗೆ ಎರಡು ಸಲ ಹೇಳಿದೀನಿ. ಬೇಕಾದ್ರೆ ಗೇಟ್ ಕ್ಯಾಮೆರಾ ನೋಡ್ಲಿ."

ಕ್ಯಾಮೆರಾ ನೋಡಿದರು. ಮೂರು ದಿನ, ಸುಡುಬಿಸಿಲು, ಸಾಲು ಸಾಲು ಡ್ರಮ್ಮು...

ಮ್ಯಾನೇಜರ್ ತಲೆ ಎತ್ತಲಿಲ್ಲ. ಹನ್ನೆರಡು ಜನರಲ್ಲಿ ಒಬ್ಬರ ಕೆಲಸವೂ ಹೋಗಲಿಲ್ಲ.

ಅಷ್ಟು ಹೊತ್ತು ಗಟ್ಟಿಯಾಗಿದ್ದ ಪುಟ್ಟಗೌರಮ್ಮ, ಶೆಡ್ಡಿಗೆ ಬಂದು "ಏನಾಯ್ತಕ್ಕ?" ಎಂದು ಕಾಯುತ್ತಿದ್ದವರ ಮುಖ ನೋಡಿದ್ದೇ ತಡ... ಅತ್ತುಬಿಟ್ಟರು.

ವಿನಯ ಅಂದರೆ ತಲೆ ತಗ್ಗಿಸುವುದಲ್ಲ... ಕೈಮುಗಿದೂ ತಲೆ ಎತ್ತಿ ನಿಲ್ಲುವುದು.

ನಿಮ್ಮ ಬಗ್ಗೆ ಬೇರೆ ಯಾರೋ ಸುಳ್ಳು ಹೇಳುತ್ತಿರುವ ಕೋಣೆಯಲ್ಲಿ, ನೀವು ಸುಮ್ಮನೆ ಟ್ರೇ ಇಟ್ಟು ಹೊರಗೆ ಬರುತ್ತೀರಾ?